ಹತ್ತು ವಾರದ ವಕೀಲರು

ಮೇ ತಿಂಗಳ ಕೊನೆ ಬಂತೆಂದರೆ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್‌ನ ದೊಡ್ಡ ಲಾ ಫರ್ಮ್‌ಗಳಿಗೆ ಹೊಸ ಸೂಟು ತೊಟ್ಟ ಒಂದು ತಂಡ ಬಂದಿಳಿಯುತ್ತದೆ. ಸಮ್ಮರ್ ಅಸೋಸಿಯೇಟ್ ಎನ್ನುವುದು ಇವರ ಹುದ್ದೆಯ ಹೆಸರು. ಫರ್ಮ್‌ನಲ್ಲಿ ಸಂಬಳಕ್ಕೆ ದುಡಿಯುವ ವಕೀಲರನ್ನು ಅಸೋಸಿಯೇಟ್ ಎಂದೂ ಲಾಭದಲ್ಲಿ ಪಾಲಿರುವ ಹಿರಿಯರನ್ನು ಪಾರ್ಟ್‌ನರ್ ಎಂದೂ ಕರೆಯುತ್ತಾರೆ. ಇವರು ಎರಡೂ ಅಲ್ಲ. ಕಾನೂನು ಓದು ಇನ್ನೂ ಒಂದು ವರ್ಷ ಬಾಕಿ ಇರುವ ವಿದ್ಯಾರ್ಥಿಗಳು. ಬಾರ್ ಪರೀಕ್ಷೆ ಬರೆದಿಲ್ಲ, ಸನ್ನದು ಇಲ್ಲ, ಯಾವ ಕಕ್ಷಿದಾರನಿಗೂ ಸ್ವಂತವಾಗಿ ಸಲಹೆ ಕೊಡುವಂತಿಲ್ಲ. ಇವರು ದುಡಿದ ಗಂಟೆಗಳಿಗೆ ತಾವು ದುಡ್ಡು ಕೊಡುವುದಿಲ್ಲ ಎಂದು ಎಷ್ಟೋ ಕಂಪನಿಗಳು ಫರ್ಮ್‌ಗಳಿಗೆ ಮೊದಲೇ ಲಿಖಿತವಾಗಿ ಹೇಳಿಬಿಟ್ಟಿರುತ್ತವೆ.

ಸಂಬಳ ಮಾತ್ರ ಪೂರ್ತಿ ವಕೀಲರದ್ದು. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮಿಲ್‌ಬ್ಯಾಂಕ್ ಫರ್ಮ್ ಮೊದಲ ವರ್ಷದ ಅಸೋಸಿಯೇಟ್‌ಗಳ ವಾರ್ಷಿಕ ವೇತನವನ್ನು 2,25,000 ಡಾಲರಿಗೆ ಏರಿಸಿತು. ಕ್ರವಾತ್ ಮತ್ತಿತರ ದೊಡ್ಡ ಫರ್ಮ್‌ಗಳು ಬೆನ್ನಿಗೇ ಏರಿಸಿದವು. ಬೇಸಿಗೆಯ ವಿದ್ಯಾರ್ಥಿಗೂ ಅದೇ ದರ. 52 ವಾರಕ್ಕೆ ಭಾಗಿಸಿ ನೋಡಿ, ವಾರಕ್ಕೆ ಸುಮಾರು 4,300 ಡಾಲರ್. ಹತ್ತು ವಾರಕ್ಕೆ 43,000. ಇದರ ಮೇಲೆ ಊಟ, ನಾಟಕದ ಟಿಕೆಟ್ಟು, ದೋಣಿವಿಹಾರ, ಬೇಸ್‌ಬಾಲ್ ಪಂದ್ಯ.

ಗಂಟೆಗಂಟೆಗೂ ಲೆಕ್ಕ ಬರೆಯುವ ವಕೀಲರು ಬಿಲ್ಲಿಗೇ ಹತ್ತದ ಕೆಲಸಕ್ಕೆ ಇಷ್ಟು ಸುರಿಯುವುದು ಯಾಕೆ? ಇದಕ್ಕೆ ಉತ್ತರ ಸಿಕ್ಕಿದರೆ ಆ ಹತ್ತು ವಾರ ವಿದ್ಯಾರ್ಥಿಗಳಿಗೆ ಆಗುವ ಅನುಭವ, ಅದರ ಗೊಂದಲ, ಭಯ, ಮೋಜು ಎಲ್ಲವೂ ಅರ್ಥವಾಗುತ್ತದೆ.

ಬಾಗಿಲು ಒಂದೇ

ಅಮೆರಿಕದಲ್ಲಿ ವಕೀಲರಾಗಲು ಓದಬೇಕಾದ ಪದವಿ ಜೆ.ಡಿ. ಬೇರೆ ಯಾವುದಾದರೂ ವಿಷಯದಲ್ಲಿ ನಾಲ್ಕು ವರ್ಷದ ಡಿಗ್ರಿ ಮುಗಿಸಿದ ಮೇಲೆ ಮೂರು ವರ್ಷದ ಓದು. ವಿದ್ಯಾರ್ಥಿಗಳು ತಮ್ಮನ್ನು ಒನ್‌-ಎಲ್, ಟೂ-ಎಲ್, ತ್ರೀ-ಎಲ್ ಎಂದೇ ಹೇಳಿಕೊಳ್ಳುತ್ತಾರೆ. ಮೂರು ವರ್ಷದ ನಡುವೆ ಬರುವುದು ಎರಡೇ ಬೇಸಿಗೆ. ಮೊದಲನೆಯದರಲ್ಲಿ ಹೆಚ್ಚಿನವರು ನ್ಯಾಯಾಧೀಶರ ಕೈಕೆಳಗೋ ಸರ್ಕಾರಿ ವಕೀಲರ ಕಚೇರಿಯಲ್ಲೋ ಯಾವುದಾದರೂ ಸೇವಾಸಂಸ್ಥೆಯಲ್ಲೋ, ಅನೇಕ ಸಲ ಸಂಬಳವಿಲ್ಲದೆ, ಕೆಲಸ ಕಲಿಯುತ್ತಾರೆ. ದೊಡ್ಡ ಫರ್ಮ್ ಸೇರಬೇಕೆನ್ನುವವರಿಗೆ ನಿರ್ಣಾಯಕವಾದದ್ದು ಎರಡನೆಯ ಬೇಸಿಗೆ.

ಯಾಕೆಂದರೆ ದೊಡ್ಡ ಫರ್ಮ್‌ಗಳು ಹೊಸ ವಕೀಲರನ್ನು ಪದವಿ ಮುಗಿದ ಮೇಲೆ ಹುಡುಕಿಕೊಂಡು ಹೋಗುವುದು ಅಪರೂಪ. ಬೇಸಿಗೆಗೆ ಬಂದವರಲ್ಲೇ ಆರಿಸಿ, ಅವರು ಪದವಿ ಮುಗಿಸಿ ಬರುವವರೆಗೆ ಕಾಯುತ್ತವೆ. ಇದರ ಬೇರು 20ನೇ ಶತಮಾನದ ಆರಂಭದಲ್ಲಿದೆ. ನ್ಯೂಯಾರ್ಕಿನ ಪಾಲ್ ಕ್ರವಾತ್ ತಮ್ಮ ಫರ್ಮ್‌ಗೆ ಅನುಭವಿಗಳನ್ನು ತರುವ ಬದಲು ಒಳ್ಳೆಯ ಕಾಲೇಜುಗಳಿಂದ ಚೆನ್ನಾಗಿ ಓದಿದ ಹೊಸಬರನ್ನೇ ತಂದು, ತಾವೇ ಪಳಗಿಸಿ, ಕೆಲವು ವರ್ಷದ ನಂತರ ಒಂದೋ ಪಾರ್ಟ್‌ನರ್ ಮಾಡುವ, ಇಲ್ಲವೇ ಹೊರಗೆ ಕಳಿಸುವ ಪದ್ಧತಿ ಹಾಕಿಕೊಟ್ಟರು. ಉಳಿದವರು ಅದನ್ನೇ ಅನುಸರಿಸಿದರು. ಹೊಸಬರನ್ನೇ ನೆಚ್ಚಿಕೊಂಡ ವ್ಯವಸ್ಥೆಗೆ ಅವರನ್ನು ಮೊದಲೇ ಒಮ್ಮೆ ತಂದು ನೋಡುವ ಕಿಟಕಿ ಬೇಕು. ಬೇಸಿಗೆಯ ಹತ್ತು ವಾರ ಆ ಕಿಟಕಿ.

ಕಿಟಕಿಯವರೆಗೆ ತಲಪುವುದೇ ಕಷ್ಟದ ಭಾಗ. ಮೊದಲ ವರ್ಷ ಒಪ್ಪಂದ, ದುಷ್ಕೃತ್ಯ (ಟಾರ್ಟ್, ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು), ಆಸ್ತಿ, ಸಿವಿಲ್ ಪ್ರಕ್ರಿಯೆ ಇಂಥ ವಿಷಯಗಳಿರುತ್ತವೆ. ಬಹುಪಾಲು ವಿಷಯಗಳಲ್ಲಿ ಸೆಮಿಸ್ಟರಿನ ಕೊನೆಯ ಒಂದೇ ಪರೀಕ್ಷೆ ಅಂಕವನ್ನು ನಿರ್ಧರಿಸುತ್ತದೆ. ಅಂಕ ಕೊಡುವುದೂ ತರಗತಿಯ ಉಳಿದವರ ಜೊತೆ ಹೋಲಿಸಿ. ಅಂದರೆ ನೀವು ಚೆನ್ನಾಗಿ ಬರೆದರೆ ಸಾಲದು, ಪಕ್ಕದವರಿಗಿಂತ ಚೆನ್ನಾಗಿ ಬರೆಯಬೇಕು. ಆ ಅಂಕಪಟ್ಟಿ ಹಿಡಿದು ಇಪ್ಪತ್ತು ನಿಮಿಷದ ಮೊದಲ ಸಂದರ್ಶನ, ಅದು ದಾಟಿದರೆ ಫರ್ಮ್‌ನಲ್ಲಿ ನಾಲ್ಕೈದು ವಕೀಲರ ಜೊತೆ ಒಂದರ ಹಿಂದೊಂದು ಮಾತುಕತೆ. ಎರಡನೆಯದಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರೆ.

ಈ ಸಂದರ್ಶನಗಳು ಹಿಂದೆ ಎರಡನೇ ವರ್ಷ ಶುರುವಾಗುವ ಹೊತ್ತಿಗೆ ಕಾಲೇಜಿನ ಮಧ್ಯಸ್ಥಿಕೆಯಲ್ಲಿ ನಡೆಯುತ್ತಿದ್ದವು. 1971ರಲ್ಲಿ ಹುಟ್ಟಿದ ನಾಲ್ಪ್ ಎಂಬ ಒಕ್ಕೂಟ ಕಾಲೇಜುಗಳಿಗೂ ಫರ್ಮ್‌ಗಳಿಗೂ ಸೇರಿ ನಿಯಮಗಳನ್ನು ಮಾಡಿತ್ತು. ಆಫರ್ ಬಂದರೆ ಯೋಚಿಸಲು 28 ದಿನ ಕೊಡಬೇಕೆನ್ನುವುದು ಅದರಲ್ಲೊಂದು. 2018ರ ಕೊನೆಯಲ್ಲಿ ನಾಲ್ಪ್ ಈ ಕಾಲಮಿತಿಗಳನ್ನೆಲ್ಲ ಕೈಬಿಟ್ಟಿತು. ಅಲ್ಲಿಂದ ಓಟ ಶುರು. ಒಂದು ಫರ್ಮ್ ಜುಲೈಗೆ ಬಂದರೆ ಇನ್ನೊಂದು ಜೂನಿಗೆ, ಮತ್ತೊಂದು ಅದಕ್ಕೂ ಮೊದಲು. ಈಗ ಎರಡನೇ ಬೇಸಿಗೆಯ ಕೆಲಸಕ್ಕೆ ಮೊದಲ ವರ್ಷದ ಅರ್ಧದಲ್ಲೇ ಅರ್ಜಿ ಹಾಕುವ ಕಾಲ ಬಂದಿದೆ, ಕೈಯಲ್ಲಿ ಒಂದೇ ಸೆಮಿಸ್ಟರಿನ ಅಂಕಗಳನ್ನು ಹಿಡಿದುಕೊಂಡು. ಒಪ್ಪಂದ ಕಾನೂನಿನ ಪರೀಕ್ಷೆಯ ದಿನ ಜ್ವರ ಬಂದಿದ್ದವರ ಪಾಡು ನೆನೆಸಿಕೊಳ್ಳಿ. ಮನೆಯಲ್ಲಿ ವಕೀಲರಿರುವ ಮಕ್ಕಳಿಗೆ ಈ ವೇಳಾಪಟ್ಟಿ ಗೊತ್ತಿರುತ್ತದೆ. ಮನೆತನಕ್ಕೇ ಮೊದಲನೆಯವರಾಗಿ ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಬಾಗಿಲು ಮುಚ್ಚಿದ ಮೇಲೆ ತಿಳಿಯುತ್ತದೆ. ಈ ಓಟದಲ್ಲಿ ನನಗೆ ಕಾಣುವ ದೊಡ್ಡ ಅನ್ಯಾಯ ಇದೇ.

ಇಷ್ಟು ಪೈಪೋಟಿ ಯಾಕೆಂದರೆ ಅಮೆರಿಕದಲ್ಲಿ ಹೊಸ ವಕೀಲರ ಸಂಬಳದ ನಕ್ಷೆ ಒಂಟೆಯ ಬೆನ್ನಿನಂತಿದೆ, ಎರಡು ಡುಬ್ಬದ ಒಂಟೆ. ಸಣ್ಣ ಕಚೇರಿ, ಸರ್ಕಾರ, ಸೇವಾಸಂಸ್ಥೆಗಳಿಗೆ ಹೋದವರದ್ದು ಒಂದು ಗುಡ್ಡ, ದೊಡ್ಡ ಫರ್ಮ್‌ಗಳದ್ದು ಬಲು ದೂರದಲ್ಲಿ ಇನ್ನೊಂದು. ನಡುವೆ ಇರುವವರು ಕಡಿಮೆ. ಹೆಸರಾಂತ ಖಾಸಗಿ ಕಾಲೇಜುಗಳ ಬೋಧನಾ ಶುಲ್ಕವೇ ವರ್ಷಕ್ಕೆ 70,000 ಡಾಲರ್ ದಾಟಿರುವಾಗ ಸಾಲ ತೀರಿಸಬೇಕಾದವರ ಕಣ್ಣು ಎರಡನೇ ಗುಡ್ಡದ ಮೇಲಿರುವುದು ಸಹಜ.

ನೋಡಲು ಬಂದವರು ಯಾರು?

ಈಗ ಆ ಮೊದಲಿನ ಪ್ರಶ್ನೆಗೆ ಬರೋಣ. ಜಾಣ ವಿದ್ಯಾರ್ಥಿಗೆ ಮೂರು ನಾಲ್ಕು ಆಫರ್ ಇರುತ್ತವೆ. ಎಲ್ಲ ಕಡೆಯೂ ಸಂಬಳ ಒಂದೇ, ಡಾಲರಿಗೆ ಡಾಲರ್. ಬೆಲೆಯಲ್ಲಿ ಪೈಪೋಟಿ ಸಾಧ್ಯವಿಲ್ಲದಾಗ ಪೈಪೋಟಿ ಊಟದ ಮೇಜಿಗೆ, ನಾಟಕದ ಮೊದಲ ಸಾಲಿನ ಸೀಟಿಗೆ, ಪಾರ್ಟ್‌ನರ್ ಮನೆಯ ಹಿತ್ತಲಿಗೆ ಬರುತ್ತದೆ. ಹುಡುಗಿ ನೋಡಲು ಬಂದ ಗಂಡಿನ ಕಡೆಯವರೇ ತಿಂಡಿ ಮಾಡಿಕೊಂಡು ಕಾಯುವಂಥ ಶಾಸ್ತ್ರ ಇದು. ಪರೀಕ್ಷೆಗೆ ಕೂತವನು ತಾನೆಂದು ವಿದ್ಯಾರ್ಥಿ ಬೆವರುತ್ತಿರುತ್ತಾನೆ. ಇವನು ನಮ್ಮನ್ನು ಬಿಟ್ಟು ಎದುರು ಬೀದಿಯ ಫರ್ಮ್‌ಗೆ ಹೋದರೆ ಎಂದು ಇತ್ತ ನೇಮಕಾತಿ ಸಮಿತಿ ಬೆವರುತ್ತಿರುತ್ತದೆ.

ಅಂಕಿಗಳೂ ಅದನ್ನೇ ಹೇಳುತ್ತವೆ. ಈಚಿನ ವರ್ಷಗಳಲ್ಲಿ ನೂರು ಮಂದಿ ಬೇಸಿಗೆ ಮುಗಿಸಿದರೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಕಾಯಂ ಕೆಲಸದ ಆಫರ್ ಸಿಗುತ್ತಿದೆ. ಜರಡಿ ಹಿಡಿಯುವುದೆಲ್ಲ ಮೊದಲೇ ಮುಗಿದಿದೆ ಎಂದು ಅರ್ಥ. ಮುಂದಿನ ವರ್ಷದ ಶರತ್ಕಾಲಕ್ಕೆ ಎಷ್ಟು ಮಂದಿ ಹೊಸ ವಕೀಲರು ಬರುತ್ತಾರೆಂದು ಫರ್ಮ್‌ಗೆ ಒಂದು ವರ್ಷಕ್ಕೂ ಮೊದಲೇ ತಿಳಿದಂತಾಯಿತು. ತಪ್ಪು ವ್ಯಕ್ತಿಯನ್ನು ಸೇರಿಸಿಕೊಂಡು ಎರಡು ವರ್ಷ ಸಂಬಳ ಕೊಡುವ ನಷ್ಟದೆದುರು 43,000 ಡಾಲರ್ ಚಿಲ್ಲರೆ ಕಾಸು.

ಹಾಗೆಂದು ಆಫರ್ ಗ್ಯಾರಂಟಿಯಲ್ಲ, ಮತ್ತು ಅದು ಕೈತಪ್ಪಿದರೆ ಕಾರಣ ಯಾವಾಗಲೂ ವಿದ್ಯಾರ್ಥಿಯಲ್ಲೇ ಇರಬೇಕೆಂದೂ ಇಲ್ಲ. 2008ರ ಆರ್ಥಿಕ ಕುಸಿತದ ಮರುವರ್ಷ, 2009ರ ಬೇಸಿಗೆಯಲ್ಲಿ, ಆಫರ್ ಸಿಕ್ಕವರ ಪ್ರಮಾಣ ನೂರಕ್ಕೆ ಸುಮಾರು 69ಕ್ಕೆ ಕುಸಿಯಿತು. ಅವರೇನು ಹಿಂದಿನ ವರ್ಷದವರಿಗಿಂತ ದಡ್ಡರಾಗಿರಲಿಲ್ಲ. ಫರ್ಮ್‌ಗಳಿಗೆ ಕೆಲಸವೇ ಇರಲಿಲ್ಲ. 2020ರಲ್ಲಿ ಸಾಂಕ್ರಾಮಿಕ ಬಂದಾಗ ಇನ್ನೊಂದು ಬಗೆಯ ವಿಚಿತ್ರ: ಹತ್ತು ವಾರ ಐದಾರು ವಾರಕ್ಕೆ ಇಳಿಯಿತು, ಕಚೇರಿ ಎಂದರೆ ಮಲಗುವ ಕೋಣೆಯ ಲ್ಯಾಪ್‌ಟಾಪ್ ಪರದೆ ಎಂದಾಯಿತು, ಆದರೆ ಎಷ್ಟೋ ಫರ್ಮ್‌ಗಳು ಆಫರ್ ಮಾತ್ರ ಖಚಿತ ಎಂದು ಮೊದಲೇ ಹೇಳಿಬಿಟ್ಟವು.

ಒಂದು ಮೆಮೊ, ಮೂರು ಗುಂಡಿಗಳು

ಒಳಗೆ ಏನು ಕೆಲಸ? ಮೊದಲ ವಾರ ಕಂಪ್ಯೂಟರ್ ತರಬೇತಿ, ಹೆಸರುಗಳ ಮಹಾಪೂರ. ಆಮೇಲೆ ಕೆಲಸ ಹಂಚುವುದರಲ್ಲಿ ಎರಡು ಪದ್ಧತಿ. ಕೆಲವು ಕಡೆ ಒಬ್ಬ ಸಂಯೋಜಕರು ಎಲ್ಲರಿಗೂ ಪಾಲು ಹಾಕುತ್ತಾರೆ. ಇನ್ನು ಕೆಲವು ಕಡೆ ನಿಮ್ಮ ಕೆಲಸ ನೀವೇ ಹುಡುಕಿಕೊಳ್ಳಿ ಎಂಬ ಮುಕ್ತ ಮಾರುಕಟ್ಟೆ. ಸಂಕೋಚದವರು ಅಲ್ಲಿ ಬಸವಳಿಯುತ್ತಾರೆ. ಕಂಪನಿ ಖರೀದಿ ಮಾರಾಟದ ವಿಭಾಗಕ್ಕೆ ಹೋದವರು ರಾಶಿ ರಾಶಿ ಒಪ್ಪಂದಗಳನ್ನು ಓದಿ, ಮಾಲೀಕತ್ವ ಬದಲಾದರೆ ಇದು ರದ್ದಾಗುತ್ತದೆಯೇ ಎಂದು ಪಟ್ಟಿ ಮಾಡುತ್ತಾರೆ. ವ್ಯಾಜ್ಯ ವಿಭಾಗದವರಿಗೆ ಸಿಗುವುದು ಸಂಶೋಧನಾ ಮೆಮೊ, ಅಂದರೆ ಕಾನೂನಿನ ಒಂದು ಪ್ರಶ್ನೆಗೆ ಉತ್ತರ ಹುಡುಕಿ ಬರೆಯುವ ಟಿಪ್ಪಣಿ. ವಿದ್ಯಾರ್ಥಿಗಳ ನೆನಪಿನಲ್ಲಿ ಉಳಿಯುವುದೂ, ಅವರನ್ನು ಅಳೆಯುವುದೂ ಹೆಚ್ಚಾಗಿ ಈ ಮೆಮೊದಿಂದಲೇ. ಹಾಗಾಗಿ ಒಂದನ್ನು ಬಿಡಿಸಿಯೇ ನೋಡೋಣ.

ಒಬ್ಬ ಅಸೋಸಿಯೇಟ್ ಬಾಗಿಲಲ್ಲಿ ನಿಂತು ಹೇಳುತ್ತಾರೆ ಎಂದುಕೊಳ್ಳಿ: "ನಮ್ಮ ಕಕ್ಷಿದಾರರ ವಿಮಾ ಪಾಲಿಸಿಯಲ್ಲಿ, ನಷ್ಟವಾದ ಎರಡು ವರ್ಷದೊಳಗೆ ದಾವೆ ಹೂಡಬೇಕು ಅಂತ ಇದೆ. ನ್ಯೂಯಾರ್ಕ್ ಕಾನೂನಿನಲ್ಲಿ ಇದು ನಿಲ್ಲುತ್ತದಾ? ಗುರುವಾರಕ್ಕೆ ಬೇಕು." ಹೇಳಿ ಹೋಗಿಬಿಟ್ಟರು.

ಕಾಲೇಜಿನ ಹುರುಪಿನಲ್ಲಿ ಹುಡುಕಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ನ್ಯೂಯಾರ್ಕಿನಲ್ಲಿ ಒಪ್ಪಂದ ಮುರಿದದ್ದಕ್ಕೆ ದಾವೆ ಹೂಡಲು ಕಾನೂನು ಕೊಡುವ ಕಾಲ 6 ವರ್ಷ. ಆದರೆ ಎರಡೂ ಕಡೆಯವರು ಲಿಖಿತವಾಗಿ ಒಪ್ಪಿ ಕಾಲವನ್ನು ಕಡಿಮೆ ಮಾಡಿಕೊಳ್ಳಲು ಅದೇ ಕಾನೂನಿನಲ್ಲಿ ಅವಕಾಶವಿದೆ. ಹಾಗಾದರೆ ಎರಡು ವರ್ಷದ ಷರತ್ತು ಸರಿ. ಮೆಮೊ ಮುಗಿಯಿತು, ಊಟಕ್ಕೆ ಹೋಗೋಣ.

ಎಡವಿ ಬೀಳುವ ಮೊದಲ ಗುಂಡಿ ಇಲ್ಲಿದೆ. 2014ರಲ್ಲಿ ಎಕ್ಸಿಕ್ಯುಟಿವ್ ಪ್ಲಾಜಾ ಎಂಬ ಪ್ರಕರಣ ಇಂಥದ್ದೇ ಪಾಲಿಸಿಯ ಮೇಲೆ ತೀರ್ಮಾನವಾಯಿತು. ಕಟ್ಟಡವೊಂದಕ್ಕೆ 2007ರಲ್ಲಿ ಬೆಂಕಿ ಬಿದ್ದಿತ್ತು. ಮರಳಿ ಕಟ್ಟಿದ ಮೇಲೆಯೇ ಕಟ್ಟುವ ಪೂರ್ತಿ ಖರ್ಚು ಕೊಡುತ್ತೇವೆ ಎನ್ನುವುದು ಪಾಲಿಸಿಯ ಒಂದು ಷರತ್ತು, ಎರಡು ವರ್ಷದೊಳಗೆ ದಾವೆ ಹೂಡಬೇಕು ಎನ್ನುವುದು ಇನ್ನೊಂದು. ಕಟ್ಟಡ ಎದ್ದು ನಿಲ್ಲುವಷ್ಟರಲ್ಲಿ ಎರಡು ವರ್ಷ ಮುಗಿದೇಹೋಗಿತ್ತು. ಹಕ್ಕು ಹುಟ್ಟುವ ಮೊದಲೇ ಹಕ್ಕು ಕೇಳುವ ಗಡುವು ತೀರುವುದಾದರೆ ಅಂಥ ಷರತ್ತು ಸಮಂಜಸವಲ್ಲ, ಅದನ್ನು ಜಾರಿ ಮಾಡಲಾಗದು ಎಂದು ನ್ಯಾಯಾಲಯ ಹೇಳಿತು. ಅಂದರೆ ಸರಿಯಾದ ಉತ್ತರ "ಹೌದು" ಅಲ್ಲ. "ಹೌದು, ಆದರೆ ನಮ್ಮ ಪಾಲಿಸಿಯಲ್ಲಿ ಇನ್ನೇನಿದೆ ನೋಡಬೇಕು" ಎನ್ನುವುದು. ಮತ್ತೆ ಆ ಅಸೋಸಿಯೇಟ್ ಬಾಗಿಲಿಗೆ ಹೋಗಿ ಪೂರ್ತಿ ಪಾಲಿಸಿ ಕೊಡಿ ಎಂದು ಕೇಳಬೇಕು. ಕೇಳಿದರೆ ದಡ್ಡನೆಂದುಕೊಂಡಾರು ಎಂಬ ಹಿಂಜರಿಕೆ ಅಲ್ಲೇ ತಡೆಯುತ್ತದೆ. ಬೇಸಿಗೆಯಲ್ಲಿ ಅತಿ ಹೆಚ್ಚು ಗಂಟೆಗಳು ವ್ಯರ್ಥವಾಗುವುದು ಕೇಳದೆ ಉಳಿದ ಪ್ರಶ್ನೆಗಳಿಂದ.

ಎರಡನೇ ಗುಂಡಿ ನ್ಯೂಯಾರ್ಕಿನದೇ ವಿಶೇಷ. ಆ ರಾಜ್ಯದಲ್ಲಿ ಸುಪ್ರೀಂ ಕೋರ್ಟ್ ಎಂದರೆ ಕೆಳಗಿನ ವಿಚಾರಣಾ ನ್ಯಾಯಾಲಯ. ಎಲ್ಲಕ್ಕಿಂತ ಮೇಲಿನದು ಕೋರ್ಟ್ ಆಫ್ ಅಪೀಲ್ಸ್. ಬೇರೆ ರಾಜ್ಯದಲ್ಲಿ ಓದಿದ ವಿದ್ಯಾರ್ಥಿ "ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ" ಎಂದು ಎದೆಯುಬ್ಬಿಸಿ ಬರೆದರೆ, ಓದುವ ಪಾರ್ಟ್‌ನರ್ ತುಟಿಯಂಚಿನಲ್ಲೇ ನಗುತ್ತಾರೆ. ಮೇಲೆ ಹೇಳಿದ 2014ರ ತೀರ್ಪು ಕೋರ್ಟ್ ಆಫ್ ಅಪೀಲ್ಸ್‌ನದು. ಅದಕ್ಕೇ ಅದಕ್ಕೆ ಅಷ್ಟು ತೂಕ.

ಮೂರನೆಯದು ತೀರ್ಪು ಇನ್ನೂ ಜೀವಂತವಾಗಿದೆಯೇ ಎನ್ನುವುದು. ನಂತರದ ತೀರ್ಪುಗಳು ಅದನ್ನು ತಳ್ಳಿಹಾಕಿರಬಹುದು. 1873ರಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ ಯಾವ ತೀರ್ಪನ್ನು ಮುಂದೆ ಯಾವ ತೀರ್ಪು ಉಲ್ಲೇಖಿಸಿತು ಎಂದು ಪಟ್ಟಿ ಮಾಡಿ ಮಾರತೊಡಗಿದ. ಹೀಗೆ ಪರೀಕ್ಷಿಸುವುದಕ್ಕೆ ವಕೀಲರು ಇವತ್ತಿಗೂ ಶೆಪರ್ಡೈಸ್ ಮಾಡುವುದು ಎನ್ನುತ್ತಾರೆ. ಈಗ ಅದು ತೀರ್ಪುಗಳನ್ನು ಹುಡುಕುವ ಲೆಕ್ಸಿಸ್ ಎಂಬ ಆನ್‌ಲೈನ್ ಭಂಡಾರದಲ್ಲಿ ಒಂದು ಕ್ಲಿಕ್, ಅಂಥದ್ದೇ ಆದ ವೆಸ್ಟ್‌ಲಾದಲ್ಲಿ ಕೀಸೈಟ್ ಎಂಬ ಇನ್ನೊಂದು ಕ್ಲಿಕ್. ಆ ಕ್ಲಿಕ್ಕನ್ನೂ ಮಾಡದೆ ಹೋದರೆ ಏನಾಗುತ್ತದೆಂದು 2023ರ ಜೂನ್‌ನಲ್ಲಿ ಜಗತ್ತೇ ನೋಡಿತು. ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ, ಇಲ್ಲವೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ ವಕೀಲರಿಗೆ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಅವರು ವಿದ್ಯಾರ್ಥಿಗಳಾಗಿರಲಿಲ್ಲ, ಹಳೆಯ ವಕೀಲರು.

ಮೆಮೊ ಕೊಟ್ಟಾಯಿತು. ಮರುದಿನ ಉತ್ತರ ಬರುತ್ತದೆ: "ಗ್ರೇಟ್ ಜಾಬ್, ಥ್ಯಾಂಕ್ಸ್!" ವಿದ್ಯಾರ್ಥಿಗಳನ್ನು ಇದಕ್ಕಿಂತ ಕಾಡುವುದು ಇನ್ನೊಂದಿಲ್ಲ. ನಿಜವಾಗಿ ಚೆನ್ನಾಗಿತ್ತೋ, ಓದೇ ಇಲ್ಲವೋ? ಹೊಗಳಿಕೆ ಎಲ್ಲರಿಗೂ ಸಮನಾಗಿ ಸಿಗುವ ಜಾಗದಲ್ಲಿ ಹೊಗಳಿಕೆಗೆ ಬೆಲೆ ಇಲ್ಲ. ಅದೇ ವ್ಯಕ್ತಿ ಎರಡನೇ ಕೆಲಸ ಕೊಟ್ಟರೋ ಇಲ್ಲವೋ ಎನ್ನುವುದೊಂದೇ ನಂಬಬಹುದಾದ ಗುರುತು. ಐದನೇ ವಾರದ ಹೊತ್ತಿಗೆ ಸಮಾಲೋಚನೆ ಎಂದು ಕೂರಿಸಿ ಹೇಳುವುದರಲ್ಲೂ ಸಾಲುಗಳ ನಡುವೆ ಓದಿಕೊಳ್ಳಬೇಕು. "ಇನ್ನೂ ಹೆಚ್ಚು ಜನರ ಪರಿಚಯ ಮಾಡಿಕೊಳ್ಳಿ" ಎಂದರೆ ನೀವು ಕಣ್ಣಿಗೆ ಬೀಳುತ್ತಿಲ್ಲ ಎಂದು. "ಸಣ್ಣ ವಿವರಗಳ ಕಡೆ ಗಮನವಿರಲಿ" ಎಂದರೆ ಯಾರದೋ ಹೆಸರಿನ ಸ್ಪೆಲಿಂಗ್ ತಪ್ಪಿದೆ ಎಂದು, ಮತ್ತು ಅದು ಬಹುಶಃ ಕಕ್ಷಿದಾರರ ಹೆಸರು.

ಊಟವೂ ಕೆಲಸವೇ

ಮಧ್ಯಾಹ್ನದ ಊಟಕ್ಕೆ ದಿನವೂ ಯಾರಾದರೂ ಅಸೋಸಿಯೇಟ್ ಕರೆದುಕೊಂಡು ಹೋಗುತ್ತಾರೆ, ದುಡ್ಡು ಫರ್ಮ್‌ನದು. ಅದು ಅವರಿಗೂ ಒಳ್ಳೆಯ ಊಟದ ಅವಕಾಶ, ಆದ್ದರಿಂದ ಕರೆಯುವವರಿಗೆ ಬರವಿಲ್ಲ. ಸಂಜೆ ಕಾರ್ಯಕ್ರಮಗಳು ಬೇರೆ. ಹೊರಗಿನಿಂದ ನೋಡಿದರೆ ಜಾತ್ರೆ. ಒಳಗಿರುವವರಿಗೆ ಮಾತ್ರ ಒಂದು ಕ್ಷಣವೂ ಪೂರ್ತಿ ಸಡಿಲವಾಗಲು ಆಗುವುದಿಲ್ಲ. ವೈನ್ ಎರಡನೇ ಲೋಟಕ್ಕೆ ಹೂಂ ಎನ್ನಬೇಕೋ ಬೇಡವೋ? ಕುಡಿಯದವರು ಏನು ಹೇಳಬೇಕು? ಆರು ಗಂಟೆಗೆ ಮುಗಿಸಬೇಕಾದ ಮೆಮೊ ಇರುವಾಗ ದೋಣಿವಿಹಾರಕ್ಕೆ ಹೋಗಲೇಬೇಕೋ?

2003ರಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಫರ್ಮ್‌ನ ಬೇಸಿಗೆಯ ವಿದ್ಯಾರ್ಥಿಯೊಬ್ಬ ಗೆಳೆಯನಿಗೆ ಇಮೇಲ್ ಬರೆದ: ಎರಡು ಗಂಟೆ ಸುಶಿ ಊಟ ಮಾಡಿ ಬಂದೆ, ಉಳಿದ ಹೊತ್ತು ಇಮೇಲ್, ಹರಟೆ, ಕೆಲಸ ಏನೂ ಇಲ್ಲ ಎಂದು, ಸ್ವಲ್ಪ ಒರಟು ಮಾತಿನಲ್ಲೇ. ಕಳಿಸುವಾಗ ಅದು ಪಾರ್ಟ್‌ನರ್‌ಗಳೂ ಸೇರಿದಂತೆ ಒಂದು ಇಡೀ ವಿಭಾಗಕ್ಕೆ ಹೋಯಿತು. ಕ್ಷಮೆ ಕೇಳಿದ ಪತ್ರದ ಸಮೇತ ಅದು ಊರೂರು ಸುತ್ತಿ ಪತ್ರಿಕೆಗೂ ಬಂತು. ಆತ ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎನ್ನುವುದೇ ಆ ಕಥೆಯ ತಮಾಷೆ.

ಮೋಜಿನ ಇನ್ನೊಂದು ಮುಖ ತಮಾಷೆಯದಲ್ಲ. ಅಟ್ಲಾಂಟಾದ ಕಿಂಗ್ ಅಂಡ್ ಸ್ಪಾಲ್ಡಿಂಗ್ ಫರ್ಮ್ ಬೇಸಿಗೆಗೆ ಬಂದಿದ್ದ ವಿದ್ಯಾರ್ಥಿನಿಯರಿಗೆ ಈಜುಡುಗೆಯ ಸ್ಪರ್ಧೆ ಇಟ್ಟಿತ್ತೆಂದು 1983ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿತು. ಪಾರ್ಟ್‌ನರ್ ಮಾಡುವಾಗ ಹೆಣ್ಣೆಂಬ ಕಾರಣಕ್ಕೆ ತನ್ನನ್ನು ಬಿಟ್ಟರೆಂದು ಅದೇ ಫರ್ಮ್ ಮೇಲೆ ಎಲಿಜಬೆತ್ ಹಿಶನ್ ಹೂಡಿದ್ದ ಮೊಕದ್ದಮೆ ಆಗ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿತ್ತು. 1984ರಲ್ಲಿ ನ್ಯಾಯಾಲಯ ಆಕೆಯ ಪರ ತೀರ್ಪು ಕೊಟ್ಟಿತು: ಪಾರ್ಟ್‌ನರ್ ಆಯ್ಕೆಯನ್ನು ಪರಿಗಣಿಸುವಾಗಲೂ ಕೆಲಸದಲ್ಲಿ ಹೆಣ್ಣು ಗಂಡೆಂಬ ಭೇದವನ್ನು ನಿಷೇಧಿಸುವ 1964ರ ನಾಗರಿಕ ಹಕ್ಕುಗಳ ಕಾಯ್ದೆ ಅನ್ವಯಿಸಬಹುದು.

ಅದಕ್ಕೂ ಹಿಂದಿನ ಕಾಲ ಇನ್ನೂ ಬಿಗಿ. 1958ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಪಾಲ್ ವೈಸ್ ಫರ್ಮ್‌ನಲ್ಲಿ ಕೆಲಸ ಮಾಡಿದ ಒಬ್ಬ ವಿದ್ಯಾರ್ಥಿನಿಗೆ ಕಾಯಂ ಆಫರ್ ಬರಲಿಲ್ಲ. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನಿಂದ ತರಗತಿಯ ಮೊದಲ ಸ್ಥಾನ ಹಂಚಿಕೊಂಡು ಹೊರಬಂದ ಆಕೆಗೆ ನ್ಯೂಯಾರ್ಕಿನ ಯಾವ ಫರ್ಮೂ ಕೆಲಸ ಕೊಡಲಿಲ್ಲ. ಹೆಸರು ರೂತ್ ಬೇಡರ್ ಗಿನ್ಸ್‌ಬರ್ಗ್. 1993ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಬೇಸಿಗೆಯ ಕಥೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಷಿಕಾಗೊದ್ದು. 1989ರಲ್ಲಿ ಸಿಡ್ಲಿ ಅಂಡ್ ಆಸ್ಟಿನ್ ಫರ್ಮ್‌ಗೆ ಹಾರ್ವರ್ಡಿನ ಮೊದಲ ವರ್ಷ ಮುಗಿಸಿದ ಬರಾಕ್ ಒಬಾಮಾ ಬಂದಾಗ ಮಾರ್ಗದರ್ಶಕಿಯಾಗಿ ನೇಮಕವಾದದ್ದು ಅಲ್ಲಿನ ಕಿರಿಯ ವಕೀಲೆ ಮಿಷೆಲ್ ರಾಬಿನ್ಸನ್. 1992ರಲ್ಲಿ ಮದುವೆಯಾದರು. ಫರ್ಮ್‌ನ ನೇಮಕಾತಿಯ ದೃಷ್ಟಿಯಿಂದ ನೋಡಿದರೆ ಆ ಬೇಸಿಗೆ ಶುದ್ಧ ನಷ್ಟ: ಒಬಾಮಾ ವಕೀಲರಾಗಿ ಅಲ್ಲಿಗೆ ಮರಳಲಿಲ್ಲ, ಮಿಷೆಲ್ ಕೂಡ ಕೆಲವೇ ವರ್ಷದಲ್ಲಿ ಬಿಟ್ಟರು.

ಬಾಯಿಗೆ ಬೀಗ

ಸನ್ನದು ಇಲ್ಲದಿದ್ದರೂ ಗೋಪ್ಯತೆಯ ಹೊಣೆ ಮೊದಲ ದಿನದಿಂದಲೇ ಇದೆ. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮಗಳು ವಕೀಲರಲ್ಲದ ಸಹಾಯಕರ ನಡತೆಗೂ ಮೇಲ್ವಿಚಾರಕ ವಕೀಲರನ್ನೇ ಹೊಣೆ ಮಾಡುತ್ತವೆ. ಯಾವ ಕಂಪನಿಯನ್ನು ಯಾವ ಕಂಪನಿ ಕೊಳ್ಳಲಿದೆ ಎಂಬ ಗುಟ್ಟು ಇಪ್ಪತ್ತೈದರ ಹುಡುಗನ ಮೇಜಿನ ಮೇಲಿರುತ್ತದೆ. ಆ ಸುಳಿವಿನ ಮೇಲೆ ತಾನು ಷೇರು ಕೊಂಡರೆ ಅಪರಾಧ, ಚಿಕ್ಕಪ್ಪನಿಗೆ ಹೇಳಿ ಅವರು ಕೊಂಡರೂ ಅಪರಾಧ. ಲಿಫ್ಟಿನಲ್ಲಿ ಕಕ್ಷಿದಾರರ ಹೆಸರೆತ್ತಬೇಡಿ ಎಂದು ಮೊದಲ ದಿನವೇ ಹೇಳುವುದು ಸುಮ್ಮನೆ ಅಲ್ಲ.

ಹೊರದೇಶದಿಂದ ಓದಲು ಹೋದವರಿಗೆ ಇನ್ನೊಂದು ಲೆಕ್ಕವಿದೆ. ಎಫ್‌-1 ವೀಸಾದಲ್ಲಿರುವ ಜೆ.ಡಿ. ವಿದ್ಯಾರ್ಥಿ ಬೇಸಿಗೆಯ ಕೆಲಸಕ್ಕೆ ಸಾಮಾನ್ಯವಾಗಿ ಕಾಲೇಜಿನಿಂದ ಸಿಪಿಟಿ ಎಂಬ, ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ ಪಡೆಯಬೇಕು. ಪದವಿಯ ನಂತರ ಕೆಲಸ ಮಾಡಲು ಸಿಗುವ ಓಪಿಟಿ ಎಂಬ ಅನುಮತಿ 12 ತಿಂಗಳದ್ದು. ಎಂಜಿನಿಯರಿಂಗ್ ಓದಿದವರಿಗಿರುವ ವಿಸ್ತರಣೆ ಕಾನೂನು ಪದವಿಗೆ ಇಲ್ಲ. ಆಮೇಲೆ ಎಚ್‌-1ಬಿ ಲಾಟರಿ. ಒಂದು ವರ್ಷದ ಎಲ್‌ಎಲ್.ಎಂ. ಓದಲು ಹೋದವರಿಗೆ ಈ ಬಾಗಿಲೇ ಹೆಚ್ಚುಕಡಿಮೆ ಇಲ್ಲ, ಯಾಕೆಂದರೆ ಅವರ ಓದಿನ ನಡುವೆ ಬೇಸಿಗೆಯೇ ಬರುವುದಿಲ್ಲ.

ತೋರಿಸದೆ ಬಿಟ್ಟದ್ದು

ಹತ್ತು ವಾರ ಇದ್ದರೂ ಮುಂದಿನ ಬದುಕು ಹೇಗಿರುತ್ತದೆಂದು ತಿಳಿಯುತ್ತದೆಯೇ? ಪೂರ್ತಿಯಾಗಿ ಇಲ್ಲ. ಕಾಯಂ ಅಸೋಸಿಯೇಟ್‌ಗಳಿಗೆ ವರ್ಷಕ್ಕೆ 1,900ರಿಂದ 2,000 ಗಂಟೆ ಬಿಲ್ ಮಾಡುವ ಗುರಿ ಸಾಮಾನ್ಯ. ಎರಡು ವಾರ ರಜೆ ಕಳೆದರೆ 2,000 ಎಂದರೆ ವಾರಕ್ಕೆ 40 ಗಂಟೆ, ನೋಡಲು ಸಾಧಾರಣ. ಆದರೆ ಅದು ಕಕ್ಷಿದಾರರ ಲೆಕ್ಕಕ್ಕೆ ಬರೆಯುವ ಗಂಟೆ ಮಾತ್ರ. ಊಟ, ಸಭೆ, ತರಬೇತಿ, ಬೇಸಿಗೆಯ ವಿದ್ಯಾರ್ಥಿಗಳನ್ನು ಸುತ್ತಾಡಿಸುವುದು ಯಾವುದೂ ಅದರಲ್ಲಿ ಸೇರದು. ಮಧ್ಯಾಹ್ನ ನಿಮ್ಮ ಜೊತೆ ಎರಡು ಗಂಟೆ ನಗುನಗುತ್ತಾ ಉಂಡ ಅಸೋಸಿಯೇಟ್ ಆ ಎರಡು ಗಂಟೆಯನ್ನು ರಾತ್ರಿ ಹನ್ನೊಂದರ ನಂತರ ತುಂಬಿಕೊಡುತ್ತಿರುತ್ತಾರೆ. ಆ ಹೊತ್ತಿಗೆ ನೀವು ನಾಟಕ ನೋಡುತ್ತಿರುತ್ತೀರಿ.

ಹಾಗಾಗಿ ನೋಡಬೇಕಾದದ್ದು ಕಾರ್ಯಕ್ರಮ ಪಟ್ಟಿಯಲ್ಲಿರುವುದಿಲ್ಲ. ಮೂರನೇ ನಾಲ್ಕನೇ ವರ್ಷದ ಅಸೋಸಿಯೇಟ್‌ಗಳು ಎಷ್ಟು ಮಂದಿ ಉಳಿದಿದ್ದಾರೆ? ರಾತ್ರಿ ಎಂಟಕ್ಕೆ ಮರೆತ ಕೊಡೆ ತರಲು ಕಚೇರಿಗೆ ಮರಳಿದರೆ ಎಷ್ಟು ಕೋಣೆಗಳಲ್ಲಿ ದೀಪ ಇದೆ? ಪಾರ್ಟ್‌ನರ್ ತನ್ನ ಕಾರ್ಯದರ್ಶಿಯ ಜೊತೆ ಯಾವ ದನಿಯಲ್ಲಿ ಮಾತಾಡುತ್ತಾರೆ? ವಿದ್ಯಾರ್ಥಿಯ ಎದುರು ಎಲ್ಲರೂ ಹಬ್ಬದ ಮುಖ ಹೊತ್ತಿರುತ್ತಾರೆ. ಕಾರ್ಯದರ್ಶಿಯ ಎದುರು ಹಾಗಲ್ಲ.

ಕೊನೆಯ ವಾರ, ಇಲ್ಲವೇ ಅದಾದ ಕೆಲವು ದಿನಕ್ಕೆ, ಆಫರ್ ಬರುತ್ತದೆ. ಬಾರದೆ ಹೋದವರು ಮೂರನೇ ವರ್ಷದ ಸಂದರ್ಶನಗಳಲ್ಲಿ "ಕಳೆದ ಬೇಸಿಗೆಯ ಫರ್ಮ್‌ಗೇ ಯಾಕೆ ಹೋಗುತ್ತಿಲ್ಲ?" ಎಂಬ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಬೇಕಾಗುತ್ತದೆ. ಇವೆರಡರ ನಡುವೆ ಕೋಲ್ಡ್ ಆಫರ್ ಎಂಬ ಮೂರನೆಯದೂ ಇದೆ. ಕಾಗದದ ಮೇಲೆ ಆಫರ್, ಮಾತಿನಲ್ಲಿ "ಇದನ್ನು ನೀವು ಒಪ್ಪದಿದ್ದರೆ ಒಳ್ಳೆಯದು" ಎಂಬ ಸೂಚನೆ. ಎಲ್ಲರಿಗೂ ಆಫರ್ ಕೊಟ್ಟೆವೆಂದು ಫರ್ಮ್ ಹೇಳಿಕೊಳ್ಳಬಹುದು, ವಿದ್ಯಾರ್ಥಿಯೂ ಬೇರೆಡೆ ಆಫರ್ ಇತ್ತೆಂದು ಹೇಳಬಹುದು. ಇಬ್ಬರ ಮಾನವೂ ಉಳಿಯುತ್ತದೆ, ಕೆಲಸ ಉಳಿಯುವುದಿಲ್ಲ.

ಹೊರಡುವ ದಿನ ಲ್ಯಾಪ್‌ಟಾಪು, ಪ್ರವೇಶ ಕಾರ್ಡು, ಕಕ್ಷಿದಾರರ ಕಾಗದಪತ್ರ ಎಲ್ಲವನ್ನೂ ಒಪ್ಪಿಸಬೇಕು. ಕಷ್ಟಪಟ್ಟು ಬರೆದ ಮೆಮೊ ಕೂಡ ಫರ್ಮ್‌ನದೇ. ಅನುಮತಿ ಕೇಳದೆ ಬರವಣಿಗೆಯ ಮಾದರಿಯಾಗಿಯೂ ಯಾರಿಗೂ ತೋರಿಸುವಂತಿಲ್ಲ. ಜೊತೆಗಿಟ್ಟುಕೊಳ್ಳಬೇಕಾದದ್ದು ತಾನು ಕೈಯಿಟ್ಟ ಪ್ರಕರಣಗಳ ಮತ್ತು ಪಕ್ಷಗಾರರ ಹೆಸರುಗಳ ನೆನಪು. ಮುಂದೆ ಎಲ್ಲಿ ಕೆಲಸಕ್ಕೆ ಸೇರಿದರೂ ಹಿತಾಸಕ್ತಿ ಸಂಘರ್ಷದ, ಅಂದರೆ ಹಿಂದೆ ಎದುರು ಪಕ್ಷದವರಿಗೆ ದುಡಿದಿದ್ದಾರೆಯೇ ಎಂಬ, ತಪಾಸಣೆಗಾಗಿ ಅದನ್ನು ಕೇಳುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸದಿಂದ ಹೊಸ ಫರ್ಮ್‌ಗೆ ಪೂರ್ತಿ ತಡೆ ಬೀಳುವುದಿಲ್ಲವೆಂದು ಮಾದರಿ ನಿಯಮಗಳ ವ್ಯಾಖ್ಯೆ ಹೇಳುತ್ತದೆ, ಆದರೆ ಆ ವ್ಯಕ್ತಿಯನ್ನು ಆ ಪ್ರಕರಣದಿಂದ ದೂರವಿಡಬೇಕಾಗುತ್ತದೆ. ಎರಡು ವರ್ಷದ ನಂತರ ಆ ಫಾರಂ ತುಂಬುವಾಗ, ಎಂಟನೇ ವಾರದ ಸುಶಿ ಹೋಟೆಲಿನ ಹೆಸರು ಥಟ್ಟನೆ ನೆನಪಾಗಿ, ಅದೇ ವಾರ ಓದಿದ ಪಾಲಿಸಿ ಯಾರದೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗದವರು ಬಹಳ.